ಈಸು ಕಲಿಸುವ ಕೆಲಸ

ಚೊಳಚಗುಡ್ಡ ಎಂದರೆ ಬನಶಂಕರಿ ಗುಡಿ, ಅದರ ಮುಂದೆ ಸುಮಾರು 360 ಅಡಿ ಚೌಕದ ಹರಿದ್ರಾತೀರ್ಥ, ಆಚೆಗೆ ಮಲಪ್ರಭೆ. 2009ರಲ್ಲೂ 2019ರಲ್ಲೂ ಈ ಹೊಳೆ ನಮ್ಮ ತಾಲೂಕಿನ ಊರುಗಳಿಗೆ ನುಗ್ಗಿತ್ತು. ಇಷ್ಟು ನೀರಿನ ಪಕ್ಕದಲ್ಲಿದ್ದೂ ನಿಮ್ಮ ತರಗತಿಯಲ್ಲಿ ಎಷ್ಟು ಜನರಿಗೆ ಈಸು ಬರುತ್ತದೆ? ಕೈ ಎತ್ತಿಸಿ ನೋಡಿ. ಹುಡುಗಿಯರ ಕಡೆಯನ್ನೂ ಎಣಿಸಿ.

ನಮ್ಮ ಹಿರಿಯರಿಗೆ ಕಲಿಸಿದವರು ಸೋದರಮಾವ, ಇಲ್ಲವೇ ಓಣಿಯ ಅಣ್ಣ. ಬೆನ್ನಿಗೆ ಒಣಗಿದ ಬುರುಡೆ, ಸೊಂಟಕ್ಕೆ ಹಗ್ಗ, ಬಾವಿಯೇ ಶಾಲೆ. ಹಗ್ಗ ಕಟ್ಟಿದ್ದು ಸರಿ. ನೂಕಿಬಿಟ್ಟರೆ ತಾನೇ ಕಲಿಯುತ್ತಾನೆ ಎನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಈಜುಕೊಳದ ತರಬೇತುದಾರರು ಮೊದಲ ದಿನ ಕೈಕಾಲು ಬಡಿಯುವುದನ್ನು ಹೇಳಿಕೊಡುವುದಿಲ್ಲ. ಎದೆಮಟ್ಟದ ನೀರಿನಲ್ಲಿ ಮುಖ ಅದ್ದಿ ಗುಳ್ಳೆ ಬಿಡಿಸುತ್ತಾರೆ. ನಂತರ ತೇಲುವುದು, ಆಮೇಲೆ ಕಾಲು, ಕೊನೆಗೆ ಕೈ. ಇದರ ಹಿಂದೆ ನೀವು ಓದಿದ ಆರ್ಕಿಮಿಡೀಸ್ ತತ್ತ್ವವೇ ಇದೆ. ನಮ್ಮ ದೇಹದ ಸಾಂದ್ರತೆ ನೀರಿಗೆ ಬಹಳ ಹತ್ತಿರ. ಎದೆ ತುಂಬ ಗಾಳಿ ಇದ್ದರೆ ಹೆಚ್ಚಿನವರು ತೇಲುತ್ತಾರೆ, ಪೂರ್ತಿ ಉಸಿರು ಬಿಟ್ಟರೆ ಮುಳುಗುತ್ತಾರೆ. ಗಾಬರಿಯಾದವನು ಕೈ ಮೇಲೆತ್ತಿದಾಗ ಕೈಯ ಭಾರಕ್ಕೆ ನೀರಿನ ಆಸರೆ ತಪ್ಪುತ್ತದೆ. ಅಷ್ಟಕ್ಕೇ ಬಾಯಿ ನೀರೊಳಗೆ ಇಳಿಯುತ್ತದೆ. ಅದಕ್ಕೇ ಅಂಗಾತ ಮಲಗಿ ತೇಲುವುದು ಬಂದವನು ಅರ್ಧ ಕಲಿತ ಹಾಗೆ.

ಕಲಿಸುವುದಕ್ಕಿಂತ ಕಷ್ಟದ ಕೆಲಸ ಕಾಯುವುದು. ಮುಳುಗುವವರು ಸಿನಿಮಾದಲ್ಲಿಯಂತೆ ಕೂಗುವುದು ಅಪರೂಪ. ಉಸಿರಿಗೇ ಪುರುಸೊತ್ತಿಲ್ಲದವರು ಕೂಗುವುದು ಹೇಗೆ? ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತಿರುತ್ತದೆ. ಒಂದು ನಿಮಿಷ ಮೊಬೈಲ್ ನೋಡಿದರೆ ಮುಗಿಯಿತು. 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರುಪಾಲಾದರು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ.

ಗೆಳೆಯ ಮುಳುಗುತ್ತಿದ್ದರೆ ನೀವು ಹಾರಬೇಡಿ. ಅವನು ನಿಮ್ಮ ಕುತ್ತಿಗೆಯನ್ನೇ ಹಿಡಿಯುತ್ತಾನೆ. ಕೋಲು ಚಾಚಿ, ಹಗ್ಗ, ದುಪಟ್ಟಾ, ಖಾಲಿ ಕೊಡ, ಸಿಕ್ಕಿದ್ದನ್ನು ಎಸೆಯಿರಿ, ಕೂಗಿ ಜನ ಕರೆಯಿರಿ. ಮೇಲೆ ತಂದ ಮೇಲೆ ತಲೆಕೆಳಗು ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಬೇಡ. ಉಸಿರಾಟ ನಿಂತಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ನಂತರ 30 ಸಲ ಎದೆ ಒತ್ತಿ 2 ಉಸಿರು, ಹೀಗೇ ಮುಂದುವರಿಸಬೇಕು. 108ಕ್ಕೆ ಕರೆ ಇನ್ನೊಬ್ಬರು ಮಾಡಲಿ.

ಇದು ಹುಡುಗಿಯರಿಗೂ ಒಳ್ಳೆಯ ಉದ್ಯೋಗ. ನಗರಗಳ ಈಜುಕೊಳಗಳಲ್ಲಿ ಮಹಿಳೆಯರಿಗೆಂದೇ ಪ್ರತ್ಯೇಕ ಸಮಯ ಇರುತ್ತದೆ. ಆ ಹೊತ್ತಿಗೆ ಮಹಿಳಾ ತರಬೇತುದಾರರೇ ಬೇಕು. ಬೆಂಗಳೂರಿನ ನಿಶಾ ಮಿಲೆಟ್ ಚಿಕ್ಕವರಿದ್ದಾಗ ಮುಳುಗಿ ಬದುಕಿದವರು. ಮುಂದೆ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈಜಿದರು, ಈಗ ಈಜು ಅಕಾಡೆಮಿ ನಡೆಸುತ್ತಾರೆ. ಜೀವರಕ್ಷಕ ತರಬೇತಿಯನ್ನು ಪುಣೆಯ ರಾಷ್ಟ್ರೀಯ ಲೈಫ್ ಸೇವಿಂಗ್ ಸೊಸೈಟಿ ಕೊಡುತ್ತದೆ. ಪಿಯುಸಿ ಪರೀಕ್ಷೆ ಮುಗಿದ ಮೇಲಿನ ರಜೆಯಲ್ಲಿ ಮೊದಲು ಈಸು ಕಲಿಯಿರಿ, ಹೊಳೆಯಲ್ಲಲ್ಲ, ಕಾಯುವವರಿರುವ ಕಡೆ.