ಫ್ಯಾನ್ ತಿರುಗುತ್ತಿಲ್ಲವೇ? ಮೋಟಾರಿನ ಮೇಲೆ ಗೂಬೆ ಕೂರಿಸುವ ಮುನ್ನ

ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತತೊಡಗಿದರೆ ಮುಂದೆ ಟ್ಯಾಂಕರುಗಳ ಸಾಲು. ಮೊದಲ ಗೇರು, ಎರಡನೇ ಗೇರು, ಮತ್ತೆ ಮೊದಲ ಗೇರು. ಕೆಲ ವರ್ಷಗಳ ಹಿಂದೆ ನನ್ನ ಹಳೆಯ ಜೆನ್ ಕಾರಿನ ಟೆಂಪರೇಚರ್ ಮುಳ್ಳು ಕೆಂಪು ಗೆರೆಯತ್ತ ಏರಿದ್ದು ಇಲ್ಲಿಯೇ. ಮಂಗಳೂರಿನಿಂದ ಗುಂಡ್ಯದವರೆಗೆ ಅದು ಅರ್ಧದಿಂದ ಕದಲಿರಲಿಲ್ಲ. ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿದರೆ ರೇಡಿಯೇಟರ್ ಫ್ಯಾನ್ ಅಲ್ಲಾಡದೆ ನಿಂತಿತ್ತು. ಊರು ತಲುಪಿದ ಮೇಲೆ ಗ್ಯಾರೇಜಿನಲ್ಲಿ ಮೋಟಾರ್ ಹೋಗಿದೆ ಎಂದರು, ಹೊಸದು ಹಾಕಿಸಿದೆ. ಹದಿನೈದು ದಿನಕ್ಕೆ ಮತ್ತದೇ ಕತೆ. ಕಡೆಗೆ ಸಿಕ್ಕಿದ ದೋಷ ಬಾಡಿಗೆ ಬಿಗಿದಿದ್ದ ಅರ್ಥ್ ವೈರಿನ ತುದಿಯ ತುಕ್ಕು. ಉಪ್ಪುಕಾಗದದಲ್ಲಿ ಉಜ್ಜಿ ಬಿಗಿದರೆ ಮುಗಿಯುವ ಕೆಲಸಕ್ಕೆ ಒಂದು ಮೋಟಾರಿನ ಹಣ ತೆತ್ತಿದ್ದೆ. ಅಂದಿನಿಂದ ಫ್ಯಾನ್ ನಿಂತರೆ ಕರೆಂಟ್ ಬರುವ ದಾರಿಯನ್ನು ಮೊದಲು ನೋಡುತ್ತೇನೆ, ಮೋಟಾರನ್ನು ಕಡೆಗೆ.

ಆದರೆ ಅದಕ್ಕೂ ಮೊದಲು ದೋಷ ಫ್ಯಾನಿನದೇ ಎಂದು ಖಚಿತವಾಗಬೇಕು. ಅಂಬಾಸಿಡರ್ ಕಾಲದ ಫ್ಯಾನ್ ಬೆಲ್ಟಿನ ಜೋರಿನಲ್ಲಿ ಸದಾ ತಿರುಗುತ್ತಿತ್ತು. ಮಾರುತಿ 800, ಜೆನ್, ಸ್ಯಾಂಟ್ರೊಗಳದು ಕರೆಂಟಿನ ಫ್ಯಾನ್. ಬೇಕಾದಾಗ ಮಾತ್ರ ತಿರುಗುತ್ತದೆ. ಗಾಡಿ ಅರವತ್ತು, ಎಂಬತ್ತರ ವೇಗದಲ್ಲಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ಸಿಗ್ನಲ್ಲಿನಲ್ಲಿ, ಟೋಲ್ ಸಾಲಿನಲ್ಲಿ, ಘಾಟಿಯಲ್ಲಿ ಆ ಗಾಳಿ ಇಲ್ಲ. ಅಲ್ಲಿ ಫ್ಯಾನೇ ಗತಿ. ಹಾಗಾಗಿ ನಿಂತಾಗ, ನಿಧಾನವಾದಾಗ ಮಾತ್ರ ಹೀಟ್ ಆಗುತ್ತಿದ್ದರೆ ಫ್ಯಾನಿನ ಮೇಲೆ ಅನುಮಾನ ಪಡಿ. ಹೆದ್ದಾರಿಯಲ್ಲಿ ಓಡುತ್ತಿರುವಾಗಲೇ ಮುಳ್ಳು ಏರುತ್ತಿದ್ದರೆ ಕೂಲಂಟ್ ಕಡಿಮೆಯಾಗಿರಬೇಕು, ರೇಡಿಯೇಟರ್ ಕಟ್ಟಿಕೊಂಡಿರಬೇಕು, ಥರ್ಮೋಸ್ಟ್ಯಾಟ್ ತೆರೆಯದೆ ಉಳಿದಿರಬೇಕು ಅಥವಾ ವಾಟರ್ ಪಂಪ್ ಸೋತಿರಬೇಕು. ಆಗ ಹೊಸ ಫ್ಯಾನ್ ಹಾಕಿಸಿ ಫಲವಿಲ್ಲ.

ಕೈ ಹಾಕುವ ಮುನ್ನ

ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳ ತೆರೆಯಲೇಬೇಡಿ. ಒಳಗಿನ ನೀರು ಒತ್ತಡದಲ್ಲಿರುವುದರಿಂದ ನೂರು ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ. ಮುಚ್ಚಳ ಸಡಿಲವಾದ ಕ್ಷಣ ಕುದಿದು ಮುಖಕ್ಕೆ ಹಾರುತ್ತದೆ. ಇಂಜಿನ್ ಪೂರ್ತಿ ತಣ್ಣಗಾಗಲು ಬಿಡಿ, ಗಂಟೆಗಟ್ಟಲೆ ಹಿಡಿದರೂ ಸರಿಯೇ. ಇನ್ನೊಂದು, ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ತಟ್ಟನೆ ತಿರುಗತೊಡಗುತ್ತದೆ. ರೆಕ್ಕೆ ಮುಟ್ಟುವ ಕೆಲಸವಿದ್ದರೆ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಡಿ. ಪಂಚೆಯ ತುದಿ, ದುಪಟ್ಟಾ, ಸಡಿಲ ತೋಳು ದೂರವಿರಲಿ.

ಒಂದೊಂದಾಗಿ ನೋಡುವುದು

ತಣ್ಣಗಿರುವಾಗ ಮುಚ್ಚಳ ತೆಗೆದು ಕೂಲಂಟ್ ಮಟ್ಟ ನೋಡಿ. ರಿಸರ್ವ್ ಬಾಟಲಿಯಲ್ಲಿ ಇದ್ದ ಮಾತ್ರಕ್ಕೆ ರೇಡಿಯೇಟರಿನಲ್ಲೂ ಇದೆ ಎಂದುಕೊಳ್ಳಬೇಡಿ. ಇದಕ್ಕೂ ಫ್ಯಾನಿಗೂ ನೇರ ಸಂಬಂಧವಿದೆ: ಫ್ಯಾನಿಗೆ ಚಾಲನೆ ಕೊಡುವ ಥರ್ಮೋ ಸ್ವಿಚ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಬಿಸಿಯನ್ನು ಸರಿಯಾಗಿ ಅರಿಯುತ್ತದೆ. ಅದರ ಸುತ್ತ ಗಾಳಿ ತುಂಬಿಕೊಂಡಿದ್ದರೆ ಇಂಜಿನ್ ಬೇಯುತ್ತಿದ್ದರೂ ಸ್ವಿಚ್ಚಿಗೆ ಗೊತ್ತಾಗುವುದಿಲ್ಲ.

ಬಳಿಕ ಗಾಡಿ ಸ್ಟಾರ್ಟ್ ಮಾಡಿ ಎಸಿ ಹಾಕಿ. ಎಸಿಯೊಂದಿಗೆ ಫ್ಯಾನ್ ತಿರುಗುವ ಏರ್ಪಾಡು ಎಷ್ಟೋ ಕಾರುಗಳಲ್ಲಿದೆ. ಎಸಿ ಹಾಕಿದಾಗ ತಿರುಗಿ, ಬಿಸಿಯಾದಾಗ ತಿರುಗದಿದ್ದರೆ ಮೋಟಾರ್ ನಿರಪರಾಧಿ. ದೋಷ ಬಿಸಿ ಅರಿಯುವ ಕಡೆಯಲ್ಲಿದೆ. ಎಸಿಗೆ ಪ್ರತ್ಯೇಕ ಫ್ಯಾನ್ ಇರುವ ಕಾರಾದರೆ ತಿರುಗುತ್ತಿರುವುದು ಯಾವುದೆಂದು ಬಗ್ಗಿ ನೋಡಿಕೊಳ್ಳಿ.

ಎರಡೂ ಸಂದರ್ಭದಲ್ಲಿ ತಿರುಗದಿದ್ದರೆ ಫ್ಯೂಸ್ ಡಬ್ಬಿ ತೆರೆಯಿರಿ. ಫ್ಯಾನಿನ ಫ್ಯೂಸ್ ಯಾವುದೆಂದು ಮುಚ್ಚಳದ ಒಳಗಡೆಯೇ ಗುರುತು ಇರುತ್ತದೆ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನ ಹೊಸದು ಹಾಕಿ. ಅದೂ ಸುಟ್ಟರೆ ಇನ್ನೂ ದಪ್ಪನೆಯದನ್ನು ಹಾಕುವ, ತಂತಿ ಸುತ್ತಿ ಸಾಗಿಸುವ ಕೆಲಸ ಬೇಡವೇ ಬೇಡ. ಮುಂದಿನ ಸಲ ಸುಡುವುದು ವೈರಿಂಗ್. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಎಲ್ಲೋ ಶಾರ್ಟ್ ಆಗಿದೆ, ಇಲ್ಲವೇ ಮೋಟಾರ್ ಬಿಗಿಹಿಡಿದು ಹೆಚ್ಚು ಕರೆಂಟ್ ಎಳೆಯುತ್ತಿದೆ ಎಂದರ್ಥ. ಇಲಿ ಕಚ್ಚಿದ ವೈರುಗಳನ್ನೂ ಹುಡುಕಿ. ವಾರಗಟ್ಟಲೆ ನಿಂತೇ ಇರುವ ಕಾರಿಗೆ ಈ ಕಾಟ ಜಾಸ್ತಿ.

ಫ್ಯೂಸ್ ಸರಿಯಿದ್ದರೆ ಫ್ಯಾನಿಗೆ ಕರೆಂಟ್ ಕೂಡಿಸುವ ರಿಲೇ ನೋಡಿ. ಅದರ ಪರೀಕ್ಷೆಗೆ ಸುಲಭದ ಉಪಾಯವಿದೆ. ಅದೇ ಡಬ್ಬಿಯಲ್ಲಿ ಹಾರ್ನಿಗೋ ಇನ್ನಾವುದಕ್ಕೋ ಅದೇ ನಂಬರಿನ ರಿಲೇ ಇದ್ದರೆ ಎರಡನ್ನೂ ಅದಲುಬದಲು ಮಾಡಿ. ಫ್ಯಾನ್ ತಿರುಗಿ ಹಾರ್ನ್ ಸುಮ್ಮನಾದರೆ ಕಳ್ಳ ಸಿಕ್ಕಂತೆ. ನಂಬರ್ ಬೇರೆಯಾದರೆ ಈ ಪ್ರಯೋಗ ಬೇಡ.

ಮುಂದಿನದು ಥರ್ಮೋ ಸ್ವಿಚ್. ಕಾರಿಗೆ ತಕ್ಕಂತೆ ಇದು ರೇಡಿಯೇಟರಿನಲ್ಲೋ ಥರ್ಮೋಸ್ಟ್ಯಾಟ್ ಬಳಿಯೋ ಇರುತ್ತದೆ. ತೊಂಬತ್ತು ಡಿಗ್ರಿ ದಾಟಿದ ಮೇಲೆ ಒಳಗಿನ ಸಂಪರ್ಕ ಕೂಡಿಸಿ ಫ್ಯಾನ್ ತಿರುಗಿಸುವುದಷ್ಟೇ ಇದರ ಕೆಲಸ. ಕಾರ್ಬ್ಯುರೇಟರ್ ಕಾಲದ ಕಾರಾಗಿದ್ದು, ಸ್ವಿಚ್ಚಿಗೆ ಎರಡು ವೈರುಗಳಿದ್ದರೆ ಕನೆಕ್ಟರ್ ಬಿಚ್ಚಿ, ಕೀ ಆನ್ ಮಾಡಿ, ಆ ಎರಡನ್ನೂ ಸಣ್ಣ ವೈರ್ ತುಂಡಿನಿಂದ ಕೂಡಿಸಿ. ಫ್ಯಾನ್ ತಿರುಗಿದರೆ ಸ್ವಿಚ್ ಬದಲಿಸಿ, ಅಲ್ಲಿಗೆ ಮುಗಿಯಿತು. ಫ್ಯೂಯೆಲ್ ಇಂಜೆಕ್ಷನ್ ಇರುವ ಎಂಪಿಎಫ್‌ಐ ಕಾರುಗಳಲ್ಲಿ ಹೀಗೆ ವೈರ್ ಕೂಡಿಸುವುದು ಅಪಾಯ. ಅಲ್ಲಿ ಸೆನ್ಸರ್ ಹೇಳುವುದನ್ನು ಕೇಳಿ ರಿಲೇ ನಡೆಸುವುದು ಇಸಿಎಂ ಎಂಬ ಇಂಜಿನ್ ಕಂಪ್ಯೂಟರ್. ಸ್ಕ್ಯಾನರ್ ಇರುವ ಆಟೋ ಎಲೆಕ್ಟ್ರಿಷಿಯನ್ ಬಳಿ ಹೋಗಿ.

ಇಷ್ಟಾದ ಮೇಲೆ ಮೋಟಾರ್. ಅದರ ಕನೆಕ್ಟರ್ ಬಿಚ್ಚಿ, ನಡುವೆ ಫ್ಯೂಸ್ ಇರುವ ದಪ್ಪ ವೈರಿನಿಂದ ಬ್ಯಾಟರಿಯ ಕರೆಂಟ್ ನೇರ ಕೊಡಿ. ಪ್ಲಸ್, ಮೈನಸ್ ತಪ್ಪದಿರಲಿ. ಹಾಗೂ ತಿರುಗದಿದ್ದರೆ ಮೋಟಾರ್ ಹೋಗಿರುವುದು ನಿಜ. ಮೆಲ್ಲಗೆ ತಟ್ಟಿದಾಗ ತಿರುಗಿ ಮತ್ತೆ ನಿಂತರೆ ಕಾರ್ಬನ್ ಸವೆದಿರುತ್ತದೆ. ಕೈಯಲ್ಲಿ ತಿರುವಿದಾಗ ಬಿಗಿಯೆನಿಸಿದರೆ ಬುಶ್ ಕೆಟ್ಟಿರುತ್ತದೆ. ಹಳೆಯ ಕಾರುಗಳ ಮೋಟಾರುಗಳಿಗೆ ಕಾರ್ಬನ್, ಬುಶ್ ಹಾಕಿ ಸರಿಮಾಡುವ ವೈಂಡಿಂಗ್ ಅಂಗಡಿಗಳು ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಇನ್ನೂ ಇವೆ. ಹೊಸದು ಕೊಳ್ಳುವ ಮೊದಲು ಅಲ್ಲಿ ಕೇಳಿ ನೋಡಿ.

ನೇರ ಕೊಟ್ಟಾಗ ಜೋರಾಗಿ ತಿರುಗಿ, ಕನೆಕ್ಟರ್ ಸಿಕ್ಕಿಸಿದಾಗ ತಿರುಗದಿದ್ದರೆ ಅಥವಾ ಸೋತಂತೆ ತಿರುಗಿದರೆ, ನನಗೆ ಪಾಠ ಕಲಿಸಿದ ಆ ಅರ್ಥ್ ವೈರನ್ನು ನೋಡಿ. ಫ್ಯಾನ್ ಚಾಲೂ ಆಗಬೇಕಾದ ಹೊತ್ತಿನಲ್ಲಿ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಮೋಟಾರಿನ ಅರ್ಥ್ ಪಿನ್ನಿಗೂ ಹಿಡಿಯಿರಿ. ಸೊನ್ನೆಯ ಹತ್ತಿರ ತೋರಿಸಬೇಕು. ಅರ್ಧ ವೋಲ್ಟ್ ದಾಟಿದರೆ ದಾರಿಯಲ್ಲಿ ಎಲ್ಲೋ ತುಕ್ಕೋ ಸಡಿಲವೋ ಇದೆ. ಕರಾವಳಿಯ ಕಾರುಗಳಲ್ಲಿ ಇದನ್ನು ಮೊದಲೇ ನೋಡಿಬಿಡುವುದು ವಾಸಿ; ಉಪ್ಪುಗಾಳಿ ತಾಮ್ರವನ್ನೂ ಹಸಿರು ಪುಡಿ ಮಾಡುತ್ತದೆ. ಕನೆಕ್ಟರಿನ ಪ್ಲಾಸ್ಟಿಕ್ ಕಂದಿ ಕರಗಿದ್ದರೂ ಅದೇ ರೋಗ.

ಫ್ಯಾನ್ ಓಡುತ್ತಿದ್ದರೂ ಬಿಸಿ ಇಳಿಯುತ್ತಿಲ್ಲವೇ? ಮುಂಭಾಗದ ಗ್ರಿಲ್ಲಿಗೆ ಒಂದು ಹಾಳೆ ಹಿಡಿಯಿರಿ. ಫ್ಯಾನ್ ರೇಡಿಯೇಟರಿನ ಹಿಂದಿದ್ದರೆ ಅದು ಗಾಳಿಯನ್ನು ಒಳಗೆಳೆಯಬೇಕು, ಹಾಳೆ ಅಂಟಿಕೊಳ್ಳಬೇಕು. ಹಾಳೆ ಹೊರಕ್ಕೆ ಹಾರಿದರೆ ರಿಪೇರಿ ಮಾಡಿದವರು ವೈರನ್ನು ಉಲ್ಟಾ ಕೊಟ್ಟಿದ್ದಾರೆ.

ಬೇಡದ ಎರಡು ಉಪಾಯಗಳು

ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಸಿಗುವ ಪರಿಹಾರ ‘ಫ್ಯಾನ್ ಡೈರೆಕ್ಟ್ ಮಾಡಿಬಿಡೋಣ’ ಎಂಬುದು. ಕೀ ಹಾಕಿದ ತಕ್ಷಣ ಓಡುವ ಹಾಗೆ. ನಡುದಾರಿಯಿಂದ ಮನೆ ಸೇರಲು ಇದು ಒಳ್ಳೆಯ ಆಸರೆ, ಒಪ್ಪುತ್ತೇನೆ. ಆದರೆ ಹಾಗೇ ಬಿಟ್ಟರೆ ಮೋಟಾರ್ ಬೇಗ ಸವೆಯುತ್ತದೆ, ಬ್ಯಾಟರಿ ಮೇಲೂ ಹೊರೆ. ಎರಡನೆಯದು ಥರ್ಮೋಸ್ಟ್ಯಾಟನ್ನೇ ಕಿತ್ತು ಹಾಕುವುದು. ಸುಮಾರು 82 ಡಿಗ್ರಿಗೆ ತೆರೆದುಕೊಳ್ಳುವ ಆ ಪುಟ್ಟ ವಾಲ್ವ್ ಇಲ್ಲದಿದ್ದರೆ ಇಂಜಿನ್ ತನ್ನ ಹದದ ಬಿಸಿಗೆ ಬರಲು ತಡವಾಗುತ್ತದೆ. ಪೆಟ್ರೋಲ್ ಹೆಚ್ಚು ಕುಡಿಯುತ್ತದೆ.

ರೇಡಿಯೇಟರಿಗೆ ಕೊಳವೆಬಾವಿಯ ಗಡಸು ನೀರನ್ನೂ ಹಾಕಬೇಡಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುತ್ತದಲ್ಲ, ರೇಡಿಯೇಟರಿನ ಸಪೂರ ಕೊಳವೆಗಳಲ್ಲೂ ಕಟ್ಟುವುದು ಅದೇ. ಕೂಲಂಟಿಗೆ ಡಿಸ್ಟಿಲ್ಡ್ ನೀರು ಬೆರೆಸಿ.

ದಾರಿ ಮಧ್ಯೆ ಮುಳ್ಳು ಏರಿದರೆ ಎಸಿ ಆಫ್ ಮಾಡಿ, ಕಿಟಕಿ ಇಳಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರಾಗಿ ಹಾಕಿ. ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರ್. ಒಳಗೆ ಬೆವರು ಕಿತ್ತು ಬಂದರೂ ಇಂಜಿನ್ನಿಗೆ ಉಸಿರು ಸಿಗುತ್ತದೆ. ಕೆಂಪು ಮುಟ್ಟಿತೆಂದರೆ ನಿಲ್ಲಿಸಿ, ಆಫ್ ಮಾಡಿ. ಇನ್ನೊಂದು ಕಿಲೋಮೀಟರ್ ನೋಡೋಣ ಎಂದು ಹೋದರೆ ಹೆಡ್ ಗ್ಯಾಸ್ಕೆಟ್ ಹೋಗಬಹುದು, ಅಲ್ಯೂಮಿನಿಯಂ ಹೆಡ್ ಬಾಗಬಹುದು. ಕಾದ ಇಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಲೋಹ ಸೀಳುತ್ತದೆ.

ರಿಪೇರಿ ಮುಗಿದ ಮೇಲೆ ಬಿಲ್ ಕೊಡುವ ಮೊದಲು ಅಲ್ಲೇ ಪರೀಕ್ಷೆ ಮಾಡಿ. ಎಸಿ ಇಲ್ಲದೆ ಗಾಡಿಯನ್ನು ನಿಂತಲ್ಲೇ ಓಡಲು ಬಿಡಿ, ಹತ್ತು ಹದಿನೈದು ನಿಮಿಷ ಮುಳ್ಳಿನ ಮೇಲೆ ಕಣ್ಣಿರಲಿ. ಮುಳ್ಳು ಅರ್ಧದ ಆಸುಪಾಸಿಗೆ ಬಂದಾಗ ಫ್ಯಾನ್ ತಾನಾಗಿ ತಿರುಗಬೇಕು, ಒಂದೆರಡು ನಿಮಿಷ ಓಡಿ ತಾನಾಗಿ ನಿಲ್ಲಬೇಕು. ಎರಡು ಸಲ ಹೀಗಾದರೆ ಶಿರಾಡಿ ಹತ್ತಬಹುದು.