ಬೀಜದ ಅರಗು

ಬೆಂಗಳೂರಿನಿಂದ ಮೈಸೂರಿನ ಕಡೆಗೆ ಸುಮಾರು 60 ಕಿಲೋಮೀಟರು ಸಾಗಿದರೆ ಚನ್ನಪಟ್ಟಣ ಸಿಗುತ್ತದೆ. ಗೊಂಬೆಗಳ ಊರೆಂದೇ ಇದು ನಾಡಿನಲ್ಲೆಲ್ಲ ಹೆಸರಾಗಿದೆ. ಅಂಗಡಿಗಳಲ್ಲಿ ಸಾಲಾಗಿ ಇಟ್ಟಿರುವ ಮರದ ಕುದುರೆ, ಬುಗುರಿ, ಗಿಲಕಿ, ಕುಂಕುಮದ ಭರಣಿ, ಮಕ್ಕಳ ಅಡುಗೆಯಾಟದ ಸಾಮಾನು, ಇವೆಲ್ಲ ಹಾದುಹೋಗುವವರ ಕಣ್ಣನ್ನು ಸೆಳೆಯುತ್ತವೆ. ಬಂದವರು ಬಣ್ಣವನ್ನು ಮೆಚ್ಚುತ್ತಾರೆ, ಬೆಲೆಯನ್ನು ಕೇಳುತ್ತಾರೆ, ಒಂದೆರಡನ್ನು ಕೊಂಡು ಮುಂದೆ ಹೋಗುತ್ತಾರೆ. ಆದರೆ ಆ ಹೊಳಪು ಮರಕ್ಕೆ ಎಲ್ಲಿಂದ ಬಂತು ಎಂದು ಕೇಳುವವರು ವಿರಳ. ಅದನ್ನು ತಿಳಿಯಬೇಕಾದರೆ ಅಂಗಡಿಯನ್ನು ದಾಟಿ, ಗೊಂಬೆ ಮಾಡುವ ಮನೆಯ ಹೊಸ್ತಿಲನ್ನು ತುಳಿಯಬೇಕು.

ಒಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಹಸಿಮರದ ವಾಸನೆ. ಗೋಡೆಗೆ ಒರಗಿಸಿರುವ ತುಂಡುಗಳು ಹೆಚ್ಚಾಗಿ ಹಾಲೆಮರದವು. ಈ ಮರ ಬೆಳ್ಳಗೆ, ನುಣುಪಾಗಿ, ಕಡೆಯುವುದಕ್ಕೆ ಹದವಾಗಿರುತ್ತದೆ. ಚೆನ್ನಾಗಿ ಒಣಗಿದ ತುಂಡನ್ನು ಲೇತ್ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತಾರೆ. ಕುಶಲಕರ್ಮಿ ಉಳಿಯನ್ನು ಹಿಡಿದ ಕೈಯನ್ನು ತುಸುವೇ ಮುಂದೆ ತಂದರೆ ಸಿಪ್ಪೆ ಸುರುಳಿ ಸುರುಳಿಯಾಗಿ ಬೀಳುತ್ತದೆ. ನೋಡುತ್ತಿರುವಂತೆಯೇ ಒರಟು ತುಂಡು ಗೊಂಬೆಯ ತಲೆಯಾಗುತ್ತದೆ, ಬುಗುರಿಯ ಹೊಟ್ಟೆಯಾಗುತ್ತದೆ.

ಬಣ್ಣ ಹಚ್ಚುವ ಬಗೆ ಇನ್ನೂ ವಿಸ್ಮಯಕರವಾದದ್ದು. ಅಲ್ಲಿ ಕುಂಚವಿಲ್ಲ, ಬಣ್ಣದ ಬಟ್ಟಲಿಲ್ಲ. ಕುಶಲಕರ್ಮಿಯ ಕೈಯಲ್ಲಿರುವುದು ಬಣ್ಣ ಬೆರೆಸಿದ ಒಂದು ಗಟ್ಟಿಯಾದ ಕಡ್ಡಿ. ತಿರುಗುತ್ತಿರುವ ಮರಕ್ಕೆ ಅದನ್ನು ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೆ ಕಡ್ಡಿ ಕರಗಿ ಮರವನ್ನು ಆವರಿಸುತ್ತದೆ. ಅನಂತರ ಕೇದಗೆಯ ಜಾತಿಯ ಗಿಡದ ಒಣಗಿದ ಗರಿಯನ್ನು ಒತ್ತಿ ಹಿಡಿಯುತ್ತಾರೆ. ಬಣ್ಣ ಎಲ್ಲೆಡೆ ಸಮನಾಗಿ ಹರಡಿ, ಕನ್ನಡಿಯಂತೆ ಹೊಳೆಯುತ್ತದೆ. ಹಳದಿಗೆ ಅರಿಸಿನ, ನೀಲಿಗೆ ನೀಲಿಗಿಡ ಎಂಬಂತೆ ಸಸ್ಯಜನ್ಯ ಬಣ್ಣಗಳನ್ನೇ ಬಳಸಿದ ಗೊಂಬೆಯನ್ನು ಮಗು ಬಾಯಿಗಿಟ್ಟರೂ ತಾಯಿ ಅಂಜಬೇಕಾಗಿಲ್ಲ.

ಆ ಕಡ್ಡಿ ಯಾವುದರದು? ಅದೇ ಅರಗು. ಅರಗಿನ ಮನೆಯ ಕಥೆಯನ್ನು ಕೇಳದ ಕನ್ನಡಿಗರಿಲ್ಲ. ಬೆಂಕಿ ತಗುಲಿದೊಡನೆ ಧಗ್ಗನೆ ಉರಿಯುವ ಅರಗಿನ ಗುಣವನ್ನು ನಂಬಿಯೇ ದುರ್ಯೋಧನನು ವಾರಣಾವತದಲ್ಲಿ ಪಾಂಡವರಿಗೆ ಆ ಮನೆಯನ್ನು ಕಟ್ಟಿಸಿದನು. ಕೇಡಿಗೆ ಬಳಸಿದ ವಸ್ತುವನ್ನೇ ಕಲೆಗಾರನು ಮಗುವಿನ ನಗುವಿಗೆ ಬಳಸುತ್ತಾನೆ.

ಅರಗನ್ನು ಮಾಡುವುದು ಒಂದು ಕೀಟ. ಮೊಟ್ಟೆಯೊಡೆದು ಹೊರಬರುವ ಮರಿ ಒಂದು ಮಿಲಿಮೀಟರಿನಷ್ಟೂ ದೊಡ್ಡದಿರುವುದಿಲ್ಲ. ಮುತ್ತುಗ, ಬೋರೆ ಮೊದಲಾದ ಮರಗಳ ಎಳೆಯ ಕೊಂಬೆಗಳ ಮೇಲೆ ಇಂತಹ ಮರಿಗಳು ಸಾವಿರಗಟ್ಟಲೆ ಹರಿದಾಡಿ, ಸೊಂಡಿಲನ್ನು ತೊಗಟೆಯೊಳಗೆ ಚುಚ್ಚಿ ನೆಲೆಯೂರುತ್ತವೆ. ಹೆಣ್ಣುಹುಳು ಒಮ್ಮೆ ಕುಳಿತ ಜಾಗದಿಂದ ಮತ್ತೆ ಕದಲುವುದಿಲ್ಲ. ಮರದ ರಸವನ್ನು ಹೀರುತ್ತ, ಮೈಯಿಂದ ಅಂಟಾದ ರಾಳವನ್ನು ಒಸರಿಸುತ್ತ, ತನ್ನ ಸುತ್ತ ತಾನೇ ಗೂಡು ಕಟ್ಟಿಕೊಳ್ಳುತ್ತದೆ. ಅದರೊಳಗೇ ಮೊಟ್ಟೆಯಿಟ್ಟು ಸಾಯುತ್ತದೆ. ಕೊಂಬೆಯ ಮೇಲೆ ಹೀಗೆ ಕಟ್ಟಿದ ಹೊರಪೊರೆಯನ್ನು ಕೆರೆದು, ತೊಳೆದು, ಕಾಯಿಸಿ ಶುದ್ಧಿಮಾಡಿದರೆ ಅರಗು ದೊರೆಯುತ್ತದೆ. ಹಿಂದಿನ ಗ್ರಾಮಫೋನು ತಟ್ಟೆಗಳಿಗೂ ಲಕೋಟೆಯ ಮೊಹರಿಗೂ ಇದೇ ಬೇಕಾಗಿತ್ತು. ಅರಗಿನ ಬೇಸಾಯವನ್ನು ಅಭ್ಯಾಸಮಾಡಲೆಂದೇ 1924ರಲ್ಲಿ ರಾಂಚಿಯಲ್ಲಿ ಒಂದು ಸಂಶೋಧನಾಲಯ ಸ್ಥಾಪನೆಯಾಯಿತು.

ಅರಗಿಗೆ ಒಂದು ವಿಧದಲ್ಲಿ ಅಕ್ಕನೆನ್ನಬಹುದಾದ ವಸ್ತು ತೃಣಮಣಿ. ಇಂಗ್ಲಿಷಿನಲ್ಲಿ ಇದನ್ನು ಅಂಬರ್ ಎನ್ನುತ್ತಾರೆ. ಎರಡೂ ರಾಳಗಳೇ. ಅರಗು ಕೀಟದ ಕೊಡುಗೆಯಾದರೆ ತೃಣಮಣಿ ಮರದ ಕೊಡುಗೆ. ಮರದ ಗಾಯದಿಂದ ಒಸರಿದ ರಾಳ ಮಣ್ಣಿನಡಿಯಲ್ಲಿ ಹುದುಗಿ, ಕೋಟ್ಯಂತರ ವರ್ಷಗಳಲ್ಲಿ ಗಟ್ಟಿಯಾದದ್ದೇ ತೃಣಮಣಿ. ಉಜ್ಜಿದರೆ ಹುಲ್ಲುಕಡ್ಡಿಯನ್ನು ಸೆಳೆಯುವುದರಿಂದ ಈ ಹೆಸರು. ಅರಗಿಗೂ ಈ ಗುಣವುಂಟು: ಅರಗಿನ ಕಡ್ಡಿಯನ್ನು ಉಣ್ಣೆಯ ಬಟ್ಟೆಗೆ ಉಜ್ಜಿ ಕಾಗದದ ಚೂರುಗಳ ಬಳಿ ಹಿಡಿದರೆ ಅವು ಹಾರಿ ಬಂದು ಅಂಟಿಕೊಳ್ಳುತ್ತವೆ.

ತೃಣಮಣಿಗೆಂದೇ ಮೀಸಲಾದ ವಸ್ತುಸಂಗ್ರಹಾಲಯಗಳು ಹೊರನಾಡಿನಲ್ಲಿವೆ. ಲಿಥುವೇನಿಯದ ಪಲಾಂಗ ಎಂಬ ಕಡಲತೀರದ ಊರಿನಲ್ಲಿ, ಹಳೆಯ ಅರಮನೆಯೊಂದರಲ್ಲಿ, 1963ರಲ್ಲಿ ಅಂತಹ ಒಂದು ಸಂಗ್ರಹಾಲಯ ತೆರೆಯಿತು. ಜೇನಿನ ಬಣ್ಣದ ಆ ಹರಳುಗಳಲ್ಲಿ ಕೆಲವುಗಳೊಳಗೆ ನೊಣವೋ ಇರುವೆಯೋ ಜೇಡವೋ ಸಿಲುಕಿರುತ್ತದೆ. ನಮ್ಮ ದೇಶವೂ ಇದಕ್ಕೆ ಹೊರತಲ್ಲ. ಗುಜರಾತಿನ ವಸ್ತಾನ್ ಎಂಬಲ್ಲಿಯ ಕಂದುಕಲ್ಲಿದ್ದಲಿನ ಗಣಿಯಲ್ಲಿ ದೊರೆತ, ಸುಮಾರು 5 ಕೋಟಿ ವರ್ಷಗಳಷ್ಟು ಹಳೆಯ ತೃಣಮಣಿಯಲ್ಲಿ ನೂರಾರು ಕೀಟಗಳನ್ನು ವಿಜ್ಞಾನಿಗಳು ಕಂಡು 2010ರಲ್ಲಿ ವರದಿಮಾಡಿದರು. ಆ ಕೀಟಗಳ ರೆಕ್ಕೆಯ ನರಗಳೂ ಅಳಿದಿಲ್ಲ, ಕಾಲಿನ ರೋಮಗಳೂ ಉದುರಿಲ್ಲ. ಎಲ್ಲವೂ ಇದ್ದ ಹಾಗೆಯೇ ಇದೆ, ಪ್ರಾಣವೊಂದನ್ನು ಬಿಟ್ಟು.

ಚನ್ನಪಟ್ಟಣದ ಕಸುಬಿನ ಮುಂದೆಯೂ ಇಂದು ಇದೇ ಪ್ರಶ್ನೆ ನಿಂತಿದೆ. ಟಿಪ್ಪು ಸುಲ್ತಾನನು ಪರ್ಷಿಯದಿಂದ ಕುಶಲಕರ್ಮಿಗಳನ್ನು ಕರೆಸಿ ಈ ಕಲೆಗೆ ಬೇರು ಹಾಕಿದನೆಂಬ ಪ್ರತೀತಿಯಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾನ್ ಎಂಬವರು ಜಪಾನಿನ ವಿಧಾನಗಳನ್ನು ತಂದು ಇದಕ್ಕೆ ಹೊಸ ರೂಪ ಕೊಟ್ಟರೆಂದು ಊರು ಅವರನ್ನು ನೆನೆಯುತ್ತದೆ. ಪರದೇಶದ ವಿದ್ಯೆ, ಪರಪ್ರಾಂತದ ಅರಗು, ಇಲ್ಲಿಯ ಮರ, ಇಲ್ಲಿಯ ಕೈ ಇವು ಕೂಡಿದುದರಿಂದಲೇ ಕಲೆ ಬೆಳೆಯಿತು. ಮುಂದೆ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳು ಮಾರುಕಟ್ಟೆಯನ್ನು ತುಂಬಿದಾಗ ಎಷ್ಟೋ ಮನೆಗಳಲ್ಲಿ ಯಂತ್ರ ನಿಂತಿತು. ಮಕ್ಕಳು ಬೇರೆ ಉದ್ಯೋಗವನ್ನರಸಿ ಹೊರಟರು. 2005-06ನೆಯ ಸಾಲಿನಲ್ಲಿ ಈ ಗೊಂಬೆಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಂದಿತು. ಹೆಸರಿಗೆ ರಕ್ಷಣೆ ದೊರೆಯಿತು. ಆದರೆ ಹೆಸರು ಉಳಿದ ಮಾತ್ರಕ್ಕೆ ಕಸುಬು ಉಳಿದೀತೆ? ಗೊಂಬೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯುವುದು ಸುಲಭ. ಗೊಂಬೆ ಮಾಡುವ ಕೈಯನ್ನು ಹಾಗೆ ಕಾಯಲು ಬಾರದು.

ಇದಕ್ಕೆ ಉತ್ತರವನ್ನು ಅರಗಿನ ಬೇಸಾಯಗಾರನೇ ಹೇಳಬಲ್ಲ. ಅವನು ಫಸಲನ್ನು ಪೂರ್ತಿ ಕೊಯ್ಯುವುದಿಲ್ಲ. ಬದುಕಿರುವ ತಾಯಿಹುಳುಗಳನ್ನುಳ್ಳ ಕೆಲವು ಕೊಂಬೆಗಳನ್ನು ಬೇರೆಯಾಗಿ ತೆಗೆದಿಡುತ್ತಾನೆ. ಅದು ಬೀಜದ ಅರಗು. ಮರಿಗಳು ಹೊರಬರುವ ವೇಳೆಗೆ ಅದನ್ನು ಹೊಸ ಮರದ ಕೊಂಬೆಗೆ ಕಟ್ಟುತ್ತಾನೆ. ಇಂದಿನ ಲಾಭದ ಆಸೆಗೆ ಎಲ್ಲವನ್ನೂ ಕೆರೆದು ಮಾರಿದವನಿಗೆ ಮರುವರ್ಷ ಬರಿಯ ಕೊಂಬೆಯೇ ಗತಿ.

ಕಸುಬಿಗೂ ಬೀಜದ ಅರಗು ಬೇಕು. ನುರಿತ ಕೈಯ ಪಕ್ಕದಲ್ಲಿ ಕಲಿಯುವ ಕೈಯೊಂದು ಇರಬೇಕು. ಆ ಕಲಿಕೆಗೆ ಹೊಟ್ಟೆ ತುಂಬುವಷ್ಟು ಕೂಲಿಯೂ ತಲೆಯೆತ್ತುವಷ್ಟು ಮರ್ಯಾದೆಯೂ ಸಲ್ಲಬೇಕು. ಆಗ ಚನ್ನಪಟ್ಟಣದ ಗೊಂಬೆ ತೃಣಮಣಿಯೊಳಗಿನ ನೊಣವಾಗದೆ, ಕೊಂಬೆಯಿಂದ ಕೊಂಬೆಗೆ ಹಬ್ಬುವ ಅರಗಿನಂತೆ ಬಾಳುತ್ತದೆ.

ಅಭ್ಯಾಸ

1. ಗೊಂಬೆಗೆ ಬಣ್ಣ ಹಚ್ಚುವ ಕ್ರಮವನ್ನು ವಿವರಿಸಿರಿ.
2. ಅರಗಿಗೂ ತೃಣಮಣಿಗೂ ಇರುವ ಹೋಲಿಕೆ ಮತ್ತು ವ್ಯತ್ಯಾಸಗಳನ್ನು ತಿಳಿಸಿರಿ.
3. 'ಕಸುಬಿಗೂ ಬೀಜದ ಅರಗು ಬೇಕು.' ಈ ಮಾತಿನ ಸ್ವಾರಸ್ಯವೇನು?
4. ನಿಮ್ಮ ಊರಿನ ಒಂದು ಕಸುಬನ್ನು ನೋಡಿ ಬಂದು, ಅದನ್ನು ಈಗ ಯಾರು ಕಲಿಯುತ್ತಿದ್ದಾರೆಂಬುದನ್ನು ಬರೆಯಿರಿ.