ನಿಸ್ತಂತು ಜಾಲದಲ್ಲೊಂದು ಬಿರುಕು

ಬೀದರಿನ ಮೈಲೂರಿನಲ್ಲಿ ಯಾವುದಾದರೊಂದು ಮನೆಯಲ್ಲಿ ಕುಳಿತು ಲ್ಯಾಪ್‌ಟಾಪನ್ನು ತೆರೆದರೆ, ನೆರೆಹೊರೆಯ ಹಲವು ವೈ-ಫೈ ಜಾಲಗಳ ಹೆಸರುಗಳು ಪರದೆಯ ಮೇಲೆ ಸಾಲಾಗಿ ಮೂಡುತ್ತವೆ. ಅವುಗಳಲ್ಲಿ ಒಂದರ ಗುಪ್ತಪದವೂ ನಮಗೆ ತಿಳಿಯದು. ಆದರೂ ಹೆಸರುಗಳು ತಿಳಿದುದು ಹೇಗೆ? ಪ್ರತಿಯೊಂದು ಜಾಲದ ಕೇಂದ್ರವೂ ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 10 ಸಲ ತನ್ನ ಇರವನ್ನು ಸಾರುವ ಕಿರುಪ್ರಕಟಣೆಯೊಂದನ್ನು ರೇಡಿಯೋ ಅಲೆಗಳ ಮೂಲಕ ಹೊರಡಿಸುತ್ತದೆ. ಗುಪ್ತಪದದ ಪ್ರಶ್ನೆ ಏಳುವುದಕ್ಕೆ ಮುಂಚೆಯೇ ನಮ್ಮ ಯಂತ್ರವು ಅದನ್ನು ಓದಿ ಮುಗಿಸಿರುತ್ತದೆ. ಅಪರಿಚಿತರ ಮಾತನ್ನು ಹೀಗೆ ಓದುವಾಗ ಯಂತ್ರವು ತಪ್ಪಿದರೆ ಏನಾದೀತು ಎಂಬುದನ್ನು ಇಲ್ಲಿ ವಿಚಾರಿಸೋಣ.

ಓದುವವರು ಯಾರು?

ಗಣಕಯಂತ್ರದ ಕಾರ್ಯವ್ಯವಸ್ಥೆಗೂ ವೈ-ಫೈ ಚಿಪ್ಪಿಗೂ ನಡುವೆ ದುಭಾಷಿಯಂತೆ ನಿಂತು ಕೆಲಸಮಾಡುವ ತಂತ್ರಾಂಶವನ್ನು ಡ್ರೈವರ್ ಎನ್ನುವರು. ಸಾಮಾನ್ಯವಾಗಿ ಅದು ಕಾರ್ಯವ್ಯವಸ್ಥೆಯ ತಿರುಳಾದ ಕರ್ನೆಲ್‌ನ ಒಳಗೇ ನೆಲೆಸಿರುತ್ತದೆ. ಕರ್ನೆಲ್‌ಗೆ ಯಂತ್ರದ ಸಮಸ್ತ ಸ್ಮೃತಿಯ ಮೇಲೂ ಅಧಿಕಾರವಿದೆ. ಆದುದರಿಂದ ಡ್ರೈವರಿನ ಸಣ್ಣ ತಪ್ಪೂ ಸಣ್ಣದಾಗಿ ಉಳಿಯುವುದಿಲ್ಲ.

ಇದಕ್ಕೆ ಒಳ್ಳೆಯ ನಿದರ್ಶನವು 2019ರಲ್ಲಿ ದೊರೆಯಿತು. ಲಿನಕ್ಸ್ ಕಾರ್ಯವ್ಯವಸ್ಥೆಯಲ್ಲಿ ರಿಯಲ್‌ಟೆಕ್ ಚಿಪ್ಪುಗಳನ್ನು ನಡೆಸುವ ಡ್ರೈವರಿನಲ್ಲಿ ವರ್ಷಗಳಿಂದ ಅಡಗಿದ್ದ ದೋಷವೊಂದನ್ನು ನಿಕೋ ವೈಸ್‌ಮನ್ ಎಂಬ ಸುರಕ್ಷಾ ಸಂಶೋಧಕರು ಆ ವರ್ಷದ ಅಕ್ಟೋಬರಿನಲ್ಲಿ ಬೆಳಕಿಗೆ ತಂದರು.

ದೋಷದ ಸ್ವರೂಪ

ಎರಡು ಉಪಕರಣಗಳು ನಡುವೆ ಬೇರೆ ಕೇಂದ್ರವಿಲ್ಲದೆ ನೇರವಾಗಿ ಮಾತನಾಡುವ ವೈ-ಫೈ ಡೈರೆಕ್ಟ್ ಎಂಬ ವಿಧಾನವುಂಟು. ಅದರಲ್ಲಿ ವಿದ್ಯುತ್ತಿನ ಉಳಿತಾಯಕ್ಕಾಗಿ ಒಂದು ಉಪಕರಣವು ‘ನಾನು ಇಂಥ ವೇಳೆ ಗೈರುಹಾಜರಾಗುವೆನು’ ಎಂದು ಮುಂಚಿತವಾಗಿ ತಿಳಿಸುತ್ತದೆ. ಈ ಸೂಚನೆಯಲ್ಲಿ ಮೊದಲು 2 ಬೈಟುಗಳ ಪೀಠಿಕೆ. ಬಳಿಕ ಒಂದೊಂದು ಗೈರುಹಾಜರಿಗೆ 13 ಬೈಟುಗಳ ವಿವರ. ಎಷ್ಟು ಸಲ ಎಂಬುದಕ್ಕೆ 1. ಎಷ್ಟು ಹೊತ್ತು, ಎಷ್ಟು ಅಂತರಕ್ಕೊಮ್ಮೆ, ಎಂದಿನಿಂದ ಎಂಬ ಮೂರಕ್ಕೆ ತಲಾ 4.

ಡ್ರೈವರು ಸೂಚನೆಯ ಒಟ್ಟು ಉದ್ದದಿಂದ 2ನ್ನು ಕಳೆದು 13ರಿಂದ ಭಾಗಿಸುತ್ತಿತ್ತು. ಶೇಷ ಉಳಿದರೆ ಸೂಚನೆಯನ್ನು ತಿರಸ್ಕರಿಸುತ್ತಿತ್ತು. ಉಳಿಯದಿದ್ದರೆ ಬಂದ ಭಾಗಲಬ್ಧದಷ್ಟು ವಿವರಗಳನ್ನು ಸ್ಮೃತಿಯಲ್ಲಿ ಬರೆದುಕೊಳ್ಳುತ್ತಿತ್ತು. ಆದರೆ ಅಲ್ಲಿ ಸ್ಥಳವಿದ್ದುದು ಎರಡೇ ವಿವರಗಳಿಗೆ. ಉದ್ದವು 28 ಆಗಿದ್ದರೆ (28 – 2) ÷ 13 = 2; ತೊಂದರೆಯಿಲ್ಲ. ದುರುದ್ದೇಶದವನೊಬ್ಬನು 262 ಬೈಟುಗಳ ಸೂಚನೆಯನ್ನು ಕಳುಹಿಸಿದನೆನ್ನೋಣ. (262 – 2) ÷ 13 = 20; ಶೇಷವಿಲ್ಲ. ಎರಡರ ಜಾಗದಲ್ಲಿ ಇಪ್ಪತ್ತು!

ಭಾಲ್ಕಿಯ ಕಡೆಯ ರೈತನೊಬ್ಬನು ತೊಗರಿಯ ಚೀಲಗಳನ್ನು ಮಂಡಿಗೆ ತಂದನೆಂದು ಊಹಿಸಿಕೊಳ್ಳಿ. ಪ್ರತಿ ಚೀಲವೂ ತುಂಬಿದೆಯೇ ಎಂದು ಅಲ್ಲಿನ ಹಮಾಲನು ಶ್ರದ್ಧೆಯಿಂದ ನೋಡುತ್ತಾನೆ. ಚೀಲಗಳು ಎಷ್ಟೆಂದು ಮಾತ್ರ ಎಣಿಸುವುದಿಲ್ಲ. ಎರಡು ಚೀಲ ಹಿಡಿಯುವ ಕೋಣೆಗೆ ಇಪ್ಪತ್ತನ್ನು ನೂಕಿದರೆ ಗೋಡೆಯೊಡೆದು ಪಕ್ಕದ ಕೋಣೆಯ ಸಾಮಾನು ಹಾಳಾಗುವುದಷ್ಟೆ? ಇಲ್ಲಿ ಆದುದೂ ಅದೇ. ಮಿಕ್ಕ ವಿವರಗಳು ನೆರೆಯ ಸ್ಮೃತಿಯ ಮೇಲೆ ಬಿದ್ದು ಅಲ್ಲಿದ್ದುದನ್ನು ಅಳಿಸಿಹಾಕುವುವು. ಇದರಿಂದ ಯಂತ್ರವು ಸ್ತಬ್ಧವಾಗಬಹುದು. ಚತುರನಾದ ಆಕ್ರಮಣಕಾರನು ತನ್ನ ಆಜ್ಞೆಗಳನ್ನೇ ಒಳಗೆ ತೂರಿಸುವ ಭಯವೂ ಉಂಟು. ಇಂಥ ಪ್ರಕಟಣೆಗಳು ಗೂಢಲಿಪಿಯಲ್ಲಿರುವುದಿಲ್ಲವಾದ್ದರಿಂದ, ನಕಲಿಯನ್ನು ಸೃಷ್ಟಿಸಲು ಗುಪ್ತಪದವೇ ಬೇಕಿಲ್ಲ. ಅಲೆಗಳು ಮುಟ್ಟುವಷ್ಟು ಸಮೀಪದಲ್ಲಿದ್ದರೆ ಸಾಕು.

ಪರಿಹಾರ

ಇಷ್ಟು ದೊಡ್ಡ ಅಪಾಯಕ್ಕೆ ಸೂಚಿಸಲಾದ ಮದ್ದು ಕೆಲವೇ ಪಂಕ್ತಿಗಳದು: ಲೆಕ್ಕವು ಎರಡನ್ನು ಮೀರಿದರೆ ಎರಡೆಂದೇ ಎಣಿಸು. ಆ ತಿದ್ದುಪಡಿಯು ಮುಂದೆ ಕರ್ನೆಲ್‌ನಲ್ಲಿ ಸೇರಿತು.

ಬೀದರಿನ ಕೋಟೆಯನ್ನು ಕಂಡವರು ಬಂಡೆಯನ್ನು ಕಡಿದು ಮಾಡಿದ ಮೂರು ಸಾಲಿನ ಕಂದಕವನ್ನು ಬಲ್ಲರು. ಒಂದನ್ನು ದಾಟಿದವನನ್ನು ಇನ್ನೊಂದು ತಡೆಯಬೇಕೆಂಬುದು ಅದರ ಮರ್ಮ. ಗುಪ್ತಪದವು ನಮ್ಮ ಒಂದು ಕಂದಕ ಮಾತ್ರ. ತಂತ್ರಾಂಶದ ತಿದ್ದುಪಡಿಗಳನ್ನು ಬಂದ ಕೂಡಲೇ ಅಳವಡಿಸಿಕೊಳ್ಳುವುದು ಎರಡನೆಯದು. ಬೇಡವಾದಾಗ ವೈ-ಫೈಯನ್ನು ಆರಿಸುವುದು ಮೂರನೆಯದು.

ಈ ಡ್ರೈವರಿನ ಮೂಲಪಾಠವು ಯಾರು ಬೇಕಾದರೂ ಓದಬಹುದಾದಂತೆ ತೆರೆದೇ ಇದ್ದಿತು. ಆದರೂ ದೋಷವು ಬಹುಕಾಲ ಉಳಿಯಿತು. ತೆರೆದಿದ್ದರೆ ಸಾಲದು, ಓದುವವರು ಬೇಕು. ಪ್ರೋಗ್ರಾಮು ಬರೆಯಲು ಕಲಿಯುತ್ತಿರುವ ನಮ್ಮ ವಿದ್ಯಾರ್ಥಿಗಳು ಹೊರಗಿನಿಂದ ಬಂದ ಯಾವ ಸಂಖ್ಯೆಯನ್ನೇ ಆಗಲಿ ಬಳಸುವ ಮುನ್ನ, ‘ಇದಕ್ಕೆ ಮೇಲ್ಮಿತಿ ಎಷ್ಟು?’ ಎಂದು ಕೇಳಿಕೊಳ್ಳುವ ಅಭ್ಯಾಸವನ್ನು ಈಗಿನಿಂದಲೇ ಬೆಳೆಸಿಕೊಳ್ಳಬೇಕು.